ನೋವಿಲ್ಲದ ಹುಣ್ಣನ್ನು ನಂಬಬೇಡಿ

ಜನನಾಂಗದಲ್ಲಿ ಹುಣ್ಣು ಕಂಡಾಗ ಹೆಚ್ಚಿನ ಹೆಂಗಸರು ಮೊದಲು ಹೇಳಿಕೊಳ್ಳುವ ಸಮಾಧಾನ, 'ಉಷ್ಣ ಆಗಿರಬೇಕು' ಎಂಬುದು. ಮೆಂತ್ಯದ ನೀರು, ಎಳನೀರು ಕುಡಿಯುತ್ತ ವಾರ ಕಳೆಯುತ್ತದೆ. ಎಳನೀರಿನಿಂದ ಕೆಡುಕೇನೂ ಇಲ್ಲ, ಕೆಡುಕಿರುವುದು ಕಳೆದುಹೋದ ಆ ವಾರದಲ್ಲಿ.

ಮೊದಲು ಕೈಗನ್ನಡಿ ಹಿಡಿದು ನೋಡಿ. ಸಣ್ಣ ನೀರುಗುಳ್ಳೆಗಳು ಗೊಂಚಲಾಗಿ ಎದ್ದು, ಒಡೆದು, ಮೂತ್ರ ತಾಗಿದರೆ ಉರಿಯುತ್ತಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಇದು ಒಮ್ಮೆ ಮಾಯ್ದು ಮತ್ತೆ ಮರುಕಳಿಸುವ ಜಾತಿಯದು.

ಒಂದೇ ಹುಣ್ಣು, ಅಂಚು ಗಟ್ಟಿ, ಮುಟ್ಟಿದರೂ ನೋವಿಲ್ಲ ಎಂದರೆ, ಹಾಗೆಯೇ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ಗುಮಾನಿ ಪಡಬೇಕು. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ಕಾಣಿಸಿಕೊಂಡು, 3ರಿಂದ 6 ವಾರಗಳಲ್ಲಿ ಮದ್ದಿಲ್ಲದೆಯೇ ಒಣಗುತ್ತದೆ. ಮೋಸ ಇರುವುದೇ ಇಲ್ಲಿ. ಹುಣ್ಣು ಹೋದರೂ ರೋಗ ಮೈಯಲ್ಲೇ ಉಳಿದು, ಮುಂದೆ ಅಂಗೈ ಅಂಗಾಲುಗಳಲ್ಲಿ ದದ್ದಾಗಿ ಏಳಬಹುದು. ಗರ್ಭಕಂಠದಲ್ಲಿ ಆದ ಹುಣ್ಣಂತೂ ಕನ್ನಡಿಗೂ ಕಾಣುವುದಿಲ್ಲ.

ಹುಣ್ಣಾದವರೆಲ್ಲ ಲೈಂಗಿಕ ಸೋಂಕಿನವರಲ್ಲ. ಸಂಪರ್ಕವೇ ಇಲ್ಲದ ಹುಡುಗಿಯರಲ್ಲಿಯೂ ಜ್ವರದ ಬೆನ್ನಿಗೆ ನೋವಿನ ಹುಣ್ಣುಗಳು ಏಳುವುದುಂಟು. ಕೆಲವು ಮಾತ್ರೆಗಳು ಒಗ್ಗದೆ, ತುರಿಸಿ ಗಾಯವಾಗಿ, ಕೂದಲು ತೆಗೆಯುವಾಗ ಕೀವಾಗಿ ಕೂಡ ಆಗುತ್ತದೆ. ಬಾಯಲ್ಲೂ ಪದೇಪದೇ ಹುಣ್ಣಾಗುತ್ತಿದ್ದರೆ ಅದನ್ನು ತಪ್ಪದೆ ಹೇಳಿ. ರಕ್ತನಾಳಗಳಲ್ಲಿ ಉರಿಯೂತ ತರುವ ಬೆಚೆಟ್ ಕಾಯಿಲೆಯ ಸುಳಿವು ಅದೇ.

ವೈದ್ಯರಿಗೆ ತೋರಿಸುವ ಮುನ್ನ ಏನನ್ನೂ ಹಚ್ಚಬೇಡಿ. ಔಷಧಿ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಮುಲಾಮು ರೋಗದ ಗುರುತನ್ನೇ ಅಳಿಸಿಬಿಡುತ್ತದೆ. ಹುಣ್ಣು ಕಂಡ ದಿನ, ಇತ್ತೀಚೆಗೆ ನುಂಗಿದ ಮಾತ್ರೆಗಳು, ಮುಟ್ಟು ತಪ್ಪಿದೆಯೇ ಎಂಬುದನ್ನು ಬರೆದುಕೊಂಡು ಹೋಗಿ. ಗರ್ಭಿಣಿಯಾಗಿದ್ದರೆ ಅದನ್ನೇ ಮೊದಲು ಹೇಳಿ; ಸಿಫಿಲಿಸ್ ಮತ್ತು ಹರ್ಪಿಸ್ ಎರಡೂ ಮಗುವಿಗೆ ಅಪಾಯ.

ವೈದ್ಯರು ಹುಣ್ಣನ್ನೂ ತೊಡೆಸಂದಿನ ಗಂಟುಗಳನ್ನೂ ನೋಡುತ್ತಾರೆ. ಹಸಿ ಹುಣ್ಣಿನ ತಳದಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದರೆ ಹರ್ಪಿಸ್ ಪತ್ತೆಯಾಗುತ್ತದೆ, ಒಣಗಿದ ಮೇಲೆ ಸಿಗುವುದು ಕಷ್ಟ. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತಪರೀಕ್ಷೆ ಇದೆ. ಹುಣ್ಣು ತೀರ ಹೊಸದಾಗಿದ್ದರೆ ಅದು 'ಇಲ್ಲ' ಎಂದೇ ತೋರಿಸಬಹುದು, ಆದ್ದರಿಂದ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಎಚ್‌ಐವಿ ಪರೀಕ್ಷೆಯೂ ಜೊತೆಗಿರಲಿ. ವಾರಗಟ್ಟಲೆ ಮಾಯದ ಹುಣ್ಣಿನಿಂದ, ಅದರಲ್ಲೂ ವಯಸ್ಸಾದವರಲ್ಲಿ, ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕಲ್ಲ.

ಖಾಸಗಿ ಆಸ್ಪತ್ರೆಗೆ ಹೋಗಲು ಹಣವಿಲ್ಲವೆಂದು ಸುಮ್ಮನಿರಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಔಷಧಿ ಎರಡೂ ಉಚಿತ. ಅಲ್ಲಿ ಲಕ್ಷಣ ನೋಡಿಯೇ ಹರ್ಪಿಸ್‌ಗೆ ಕೆಂಪು ಪೊಟ್ಟಣ, ಉಳಿದ ಹುಣ್ಣುಗಳಿಗೆ ಬಿಳಿ ಪೊಟ್ಟಣ ಕೊಡುವ ಕ್ರಮವಿದೆ. ಬಿಳಿ ಪೊಟ್ಟಣದಲ್ಲಿರುವ ಪೆನಿಸಿಲಿನ್ ಒಗ್ಗದಿದ್ದರೆ ಹೇಳಿ, ಅದಕ್ಕೆ ನೀಲಿ ಪೊಟ್ಟಣ ಬೇರೆಯೇ ಇದೆ. ಸೋಂಕು ಎಂದಾದರೆ ಗಂಡನನ್ನೂ ಕರೆದೊಯ್ಯಬೇಕು, ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಸಂಪರ್ಕ ಬೇಡ. ಎದುರು ಕುಳಿತು ಕೇಳಲು ಸಂಕೋಚವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದು ಉಚಿತ.