ಪುಟದಲ್ಲಿದೆ, ಅಂಗಡಿಯಲ್ಲಿಲ್ಲ: ಮೆಚ್ಚಿದ ಡ್ರೆಸ್ ಹೊಲಿಸಿಕೊಳ್ಳುವುದು ಹೇಗೆ?

ಮ್ಯಾಗಜಿನ್‌ನಲ್ಲಿ ಕಂಡ ಡ್ರೆಸ್‌ನ ಫೋಟೊ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವವರನ್ನು ಕಂಡರೆ ಪಾಪ ಅನ್ನಿಸುತ್ತದೆ. ‘ಸ್ಟಾಕ್ ಮುಗಿದಿದೆ’ ಎಂದರೆ ಒಂದು ಸಮಾಧಾನ. ಆದರೆ ಎಷ್ಟೋ ಸಲ ಅದು ಮಾರಾಟಕ್ಕೇ ಬಂದಿರುವುದಿಲ್ಲ.

ದೊಡ್ಡ ಫ್ಯಾಷನ್ ಶೋಗಳು ಸೀಸನ್‌ಗಿಂತ ಸುಮಾರು ಆರು ತಿಂಗಳು ಮೊದಲೇ ನಡೆಯುತ್ತವೆ. ಮುಂದಿನ ಬೇಸಿಗೆಯ ಉಡುಪು ಸೆಪ್ಟೆಂಬರ್‌ನಲ್ಲೇ ವೇದಿಕೆಗೆ ಬರುತ್ತದೆ. ಫೋಟೊಗೆ ಬಳಸುವುದು ಬಹುಪಾಲು ಸ್ಯಾಂಪಲ್ ಮಾತ್ರ. ಅಂಗಡಿಗಳಿಂದ ಬರುವ ಆರ್ಡರ್ ನೋಡಿಕೊಂಡು ಕಂಪನಿ ಯಾವುದನ್ನು ತಯಾರಿಸಬೇಕು ಎಂದು ತೀರ್ಮಾನಿಸುತ್ತದೆ. ಆರ್ಡರ್ ಬಾರದ್ದು ಸ್ಯಾಂಪಲ್ ಆಗಿಯೇ ಉಳಿಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಬರ್ಬೆರಿ ಕಂಪನಿ ಶೋ ಮುಗಿದ ಕೂಡಲೇ ಅದೇ ಬಟ್ಟೆಗಳನ್ನು ಮಾರಾಟಕ್ಕೆ ಇಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಬಹುತೇಕರು ಹಾಗೆ ಮಾಡುತ್ತಿರಲಿಲ್ಲ, ಅದಕ್ಕೇ ಸುದ್ದಿ.

ಆದ್ದರಿಂದ ಹುಡುಕುವುದಕ್ಕೆ ಸ್ವಲ್ಪ ಸಮಯ ಕೊಡಿ, ಸಿಗದಿದ್ದರೆ ಹೊಲಿಸಿಕೊಳ್ಳಿ.

ಹಂತ 1: ಸಣ್ಣ ಅಕ್ಷರ ಓದಿ

ಪುಟದ ಅಂಚಿನಲ್ಲೋ ಕೊನೆಯ ಪುಟಗಳಲ್ಲೋ ಉಡುಪು ಯಾರದ್ದು ಎಂದು ಬರೆದಿರುತ್ತಾರೆ. ‘ಸ್ಟೈಲಿಸ್ಟ್ ಅವರದ್ದೇ’ (ಅಂದರೆ ಫೋಟೊಗೆ ಉಡುಪು ಹೊಂದಿಸಿದವರ ಸ್ವಂತದ್ದು) ಎಂದಿದ್ದರೆ ಹುಡುಕಾಟ ಅಲ್ಲಿಗೇ ಬಿಡಿ. ಹೆಸರು ಇಲ್ಲದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಒಮ್ಮೆ ನೋಡಿ. ಇಲ್ಲೊಂದು ಎಚ್ಚರಿಕೆ: ಹೆಸರೇ ಕೇಳದ ಯಾವುದೋ ವೆಬ್‌ಸೈಟ್ ಅದೇ ಮ್ಯಾಗಜಿನ್ ಫೋಟೊ ಹಾಕಿ, ನಂಬಲಾಗದಷ್ಟು ಕಡಿಮೆ ಬೆಲೆ ತೋರಿಸಿದರೆ ತಕ್ಷಣ ಮುಚ್ಚಿ. ಅವರ ಬಳಿ ಇರುವುದು ಫೋಟೊ ಮಾತ್ರ, ಡ್ರೆಸ್ ಅಲ್ಲ. ಮನೆಗೆ ಬರುವುದು ಅದರ ಬಡ ನಕಲು.

ಹಂತ 2: ಟೈಲರ್

ಗೌನ್ ಹೊಲಿದು ಅಭ್ಯಾಸ ಇರುವವರಿಗೇ ಗೌನ್ ಕೊಡಿ, ಕೋಟ್ ಹೊಲಿಯುವವರಿಗೇ ಕೋಟ್ ಕೊಡಿ. ಅಷ್ಟೇ.

ಹಂತ 3: ಫೋಟೊವನ್ನು ಅನುಮಾನದಿಂದ ನೋಡಿ

ಮಾಡೆಲ್ ಮೈಗೆ ಅಷ್ಟು ಚೆನ್ನಾಗಿ ಕೂತಿದೆಯಲ್ಲ, ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿರುವ ಸಾಧ್ಯತೆಯೇ ಜಾಸ್ತಿ. ಅವರ ಎತ್ತರವೂ ನಮ್ಮ ನಿಮ್ಮಂಥವರ ಎತ್ತರ ಅಲ್ಲ. ಹಾಗಾಗಿ ಉದ್ದವನ್ನು ಇಂಚಿನಲ್ಲಿ ಊಹಿಸಬೇಡಿ. ಅಂಚು ಮಂಡಿಯ ಮೇಲೋ ಕೆಳಗೋ, ಸೊಂಟದ ಗೆರೆ ಹೊಕ್ಕುಳಿಗಿಂತ ಎಷ್ಟು ಮೇಲೆ, ತೋಳಿನ ಹೊಲಿಗೆ ಭುಜದ ಮೂಳೆಯ ಮೇಲೇ ಇದೆಯೋ ಇಳಿದಿದೆಯೋ, ಇವನ್ನು ಬರೆದುಕೊಳ್ಳಿ. ಹಿಂಭಾಗ ಹೇಗಿರಬೇಕು, ಜಿಪ್ ಎಲ್ಲಿ ಬರಬೇಕು ಎಂದು ನೀವೇ ಒಂದು ಚಿತ್ರ ಗೀಚಿ. ಟೈಲರ್‌ಗೆ ಸುಮ್ನೆ ಫೋಟೊ ತೋರಿಸಿ ‘ಇದೇ ಥರ’ ಎಂದರೆ ಅವರು ತಮಗೆ ಗೊತ್ತಿರುವ ಥರ ಹೊಲಿಯುತ್ತಾರೆ. ತಪ್ಪು ಅವರದ್ದಲ್ಲ.

ಹಂತ 4: ಬಟ್ಟೆ ಆರಿಸುವುದು

ಬಹುತೇಕರು ಎಡವುವುದು ಇಲ್ಲೇ. ಫೋಟೊ ಪಕ್ಕದಲ್ಲಿಟ್ಟು ಬಣ್ಣ ಹೊಂದಿಸುತ್ತಾರೆ. ಬಣ್ಣ ಕೂಡಿದರೆ ಬಟ್ಟೆ ಸಿಕ್ಕಿತು ಎಂದುಕೊಳ್ಳುತ್ತಾರೆ. ಬಣ್ಣ ಕೊನೆಯ ಮಾತು. ಸ್ಟುಡಿಯೊ ಬೆಳಕು, ಎಡಿಟಿಂಗ್, ಮುದ್ರಣದ ಶಾಯಿ ಎಲ್ಲ ಸೇರಿ ಪುಟದ ಮೇಲಿನ ಬಣ್ಣ ಹೇಗಿದ್ದರೂ ಅಸಲಿ ಅಲ್ಲ.

ಮೊದಲು ನೋಡಬೇಕಾದ್ದು ಮಡಿಕೆ. ಫೋಟೊದಲ್ಲಿ ಬಟ್ಟೆ ಎಲ್ಲಿ, ಹೇಗೆ ಮಡಿದಿದೆ? ಮಡಿಕೆ ಚೂಪಾಗಿ, ಮುರಿದ ಕಾಗದದ ಹಾಗಿದ್ದು, ಬಟ್ಟೆ ಮೈಯಿಂದ ದೂರ ನಿಂತಿದ್ದರೆ ಅದು ಟಫೆಟಾ, ಆರ್ಗಂಜಾ ಅಥವಾ ಗಟ್ಟಿ ಪಾಪ್ಲಿನ್ ಜಾತಿಯದ್ದು. ಸಣ್ಣಸಣ್ಣ ಮಡಿಕೆಗಳು ಮೆತ್ತಗೆ ಕೆಳಗೆ ಹರಿದಿದ್ದರೆ ರೇಯಾನ್, ಕ್ರೇಪ್, ಜಾರ್ಜೆಟ್. ಮಡಿಕೆ ಕಡಿಮೆ, ಆದರೆ ದಪ್ಪ ಮತ್ತು ಆಳ ಎಂದರೆ ಉಣ್ಣೆ ಅಥವಾ ಭಾರದ ಕ್ರೇಪ್. ರೇಯಾನ್‌ನಲ್ಲಿ ಆಗಬೇಕಾದ ಡ್ರೆಸ್ಸನ್ನು ಪಾಪ್ಲಿನ್‌ನಲ್ಲಿ ಹೊಲಿಸಿದರೆ ಎಂಥ ಟೈಲರ್ ಇದ್ದರೂ ಅದು ಡೇರೆಯೇ.

ಹೊಳಪು ನೋಡಿ ‘ಸ್ಯಾಟಿನ್ ಕೊಡಿ’ ಎಂದರೆ ಸಾಲದು. ಸ್ಯಾಟಿನ್ ಎಂಬುದು ನೂಲಲ್ಲ, ನೇಯ್ಗೆ. ರೇಷ್ಮೆಯಲ್ಲೂ ಬರುತ್ತದೆ, ಪಾಲಿಯೆಸ್ಟರ್‌ನಲ್ಲೂ ಬರುತ್ತದೆ. ಅಗ್ಗದ ಪಾಲಿಯೆಸ್ಟರ್ ಸ್ಯಾಟಿನ್ ಬಲ್ಬಿನ ಕೆಳಗೆ ಬೆಳ್ಳಗೆ ಮಿಂಚುತ್ತದೆ, ಬೆವರನ್ನೂ ಹೀರುವುದಿಲ್ಲ. ದಯವಿಟ್ಟು ಕೊಳ್ಳಬೇಡಿ.

ಇನ್ನೊಂದು ಸುಳಿವು. ಫೋಟೊದಲ್ಲಿ ಡ್ರೆಸ್ ಮೈಗೆ ಅಂಟಿ ಇಳಿದಿದೆ, ಆದರೆ ಡಾರ್ಟ್ (ಮೈಯಾಕಾರಕ್ಕೆ ಕೂರಲು ಹಿಡಿದು ಹೊಲಿಯುವ ಚೂಪು ಮಡಿಕೆ) ಇಲ್ಲ, ಸೊಂಟದಲ್ಲಿ ಹೊಲಿಗೆಯೂ ಇಲ್ಲ ಅಲ್ವಾ? ಹಾಗಿದ್ದರೆ ಎರಡರಲ್ಲಿ ಒಂದು: ಟೀ ಶರ್ಟ್ ಥರ ಹಿಗ್ಗುವ ಹೊಸೈರಿ ಬಟ್ಟೆ, ಇಲ್ಲವೇ ಕ್ರಾಸ್ ಕಟ್. ನೇಯ್ದ ಬಟ್ಟೆಯನ್ನು ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಅದು ಹಿಗ್ಗುತ್ತದೆ, ಮೈಯನ್ನು ಹಿಡಿಯುತ್ತದೆ. 1920–30ರ ದಶಕಗಳಲ್ಲಿ ಪ್ಯಾರಿಸ್‌ನ ಡಿಸೈನರ್ ಮಡ್ಲೆನ್ ವಿಯೊನೆ ಹೆಸರು ಮಾಡಿದ್ದೇ ಈ ಕಟಿಂಗ್‌ನಿಂದ. ಇದಕ್ಕೆ ಬಟ್ಟೆ ಜಾಸ್ತಿ ಬೇಕು. ಎಷ್ಟು ಮೀಟರ್ ಎಂದು ಟೈಲರ್‌ನ ಕೇಳಿಯೇ ಕೊಳ್ಳಿ. ಕೊಂಡ ಮೇಲೆ ಕೇಳಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಒಂದು ಮೀಟರಿನಷ್ಟು ಬಿಚ್ಚಿಸಿ, ಒಂದು ಮೂಲೆ ಹಿಡಿದು ಇಳಿಬಿಡಿ. ಬಿದ್ದ ಮಡಿಕೆಯನ್ನು ಫೋಟೊ ಜೊತೆ ಹೋಲಿಸಿ. ಮುಷ್ಟಿಯಲ್ಲಿ ಹಿಸುಕಿ ಬಿಡಿ, ಸುಕ್ಕು ಉಳಿಯುತ್ತದೋ ನೋಡಿ. ಎರಡು ಬೆರಳಲ್ಲಿ ಗಟ್ಟಿಯಾಗಿ ಉಜ್ಜಿ. ಪುಡಿ ಉದುರಿದರೆ ಅದು ಗಂಜಿಯ ಬಲ. ಒಂದು ಒಗೆತಕ್ಕೆ ಜೋತುಬೀಳುತ್ತದೆ. ಬೆಳಕಿಗೆ ಹಿಡಿದು ಆಚೆ ಕೈ ಕಂಡರೆ ಲೈನಿಂಗ್ ಬೇಕೇ ಬೇಕು. ಇಷ್ಟೆಲ್ಲ ಆದ ಮೇಲೆ ಬಾಗಿಲ ಹೊರಗೆ ಹಗಲು ಬೆಳಕಿಗೆ ತಂದು ಬಣ್ಣ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹಂತ 5: ಒಗೆದು ಕೊಡಿ

ನೀರಿನಲ್ಲಿ ಒಗೆಯುವ ಬಟ್ಟೆಯಾದರೆ ಕತ್ತರಿಸುವ ಮೊದಲೇ ಒಮ್ಮೆ ಒಗೆದು ಇಸ್ತ್ರಿ ಮಾಡಿ. ಲೈನಿಂಗ್ ಬಟ್ಟೆಯನ್ನೂ ಮರೆಯಬೇಡಿ.

ಹಂತ 6: ಮೊದಲು ಕಚ್ಚಾ ಡ್ರೆಸ್

ಅಗ್ಗದ ಬಟ್ಟೆಯಲ್ಲಿ ಒಂದು ಪ್ರಯೋಗ ಹೊಲಿಸಿ. ಹಳೆಯ ಬೆಡ್‌ಶೀಟ್ ಸಾಕು ಎನ್ನುವವರಿದ್ದಾರೆ. ಗಟ್ಟಿ ಬಟ್ಟೆಯ ಉಡುಪಿಗೆ ಅದು ಸರಿ, ಮೆತ್ತಗೆ ಇಳಿಯುವ ಡ್ರೆಸ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಸಾಲದು. ಕೂತು ನೋಡಿ, ಎರಡೂ ಕೈ ಮೇಲೆತ್ತಿ ನೋಡಿ. ಕಂಕುಳಲ್ಲಿ ಎಳೆದರೆ ಈಗಲೇ ಹೇಳಿ. ಟೈಲರ್‌ಗೆ ಇದು ಎರಡು ಸಲದ ಕೆಲಸ, ಅದರ ಕೂಲಿಯಲ್ಲಿ ಚೌಕಾಸಿ ಬೇಡ.

ಹಂತ 7: ಅಂಚು

ಕ್ರಾಸ್ ಕಟ್ ಡ್ರೆಸ್ ಆದರೆ ಅಂಚು ಮಡಿಸುವ ಮೊದಲು ಒಂದು ಇಡೀ ದಿನ ಹ್ಯಾಂಗರ್‌ನಲ್ಲಿ ನೇತುಹಾಕಿಸಿ. ಬಟ್ಟೆ ತನ್ನ ಭಾರಕ್ಕೆ ತಾನೇ ಒಂದೊಂದು ಕಡೆ ಒಂದೊಂದಷ್ಟು ಇಳಿಯುತ್ತದೆ. ಇಳಿಯುವುದೆಲ್ಲ ಇಳಿದ ಮೇಲೆ ನೀವು ಅದನ್ನು ಹಾಕಿಕೊಂಡು, ಯಾವ ಚಪ್ಪಲಿ ಹಾಕುತ್ತೀರೋ ಅದನ್ನೇ ಮೆಟ್ಟಿ ನಿಲ್ಲಿ. ಟೈಲರ್ ನೆಲದಿಂದ ಮೇಲಕ್ಕೆ ಅಳೆದು ಗುರುತು ಹಾಕಲಿ, ಸೊಂಟದಿಂದ ಕೆಳಕ್ಕೆ ಅಲ್ಲ.