ಅಂಗೈಗೆ ಒಗ್ಗುವ, ಗುಟ್ಟು ಬಿಟ್ಟುಕೊಡದ ಫೋನು

ಸಣ್ಣ ಫೋನು ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಇಂಚು ಎಂದು. ಇಂಚು ಅಳೆಯುವುದು ಪರದೆಯ ಮೂಲೆಯಿಂದ ಮೂಲೆಗೆ. ಫೋನು ಉದ್ದವಾದರೂ ಇಂಚು ಏರುತ್ತದೆ, ಅಗಲವಾದರೂ ಏರುತ್ತದೆ. ಕೈಗೆ ಹಿಡಿಯಲು ಕಷ್ಟ ಅನ್ನಿಸುವುದು ಮಾತ್ರ ಅಗಲ. ಹಾಗಾಗಿ ನಾನು ಅಂಗಡಿಗೆ ಹೋಗುವ ಮೊದಲು ಹಳೆಯ ರಟ್ಟಿನ ಪೆಟ್ಟಿಗೆಯನ್ನು ಮೂರು ಅಳತೆಗೆ ಕತ್ತರಿಸಿಕೊಂಡೆ: ಸೋನಿ ಎಕ್ಸ್‌ಪೀರಿಯಾ ಎಕ್ಸ್‌ಝಡ್2 ಕಾಂಪ್ಯಾಕ್ಟ್ 135 × 65 ಮಿ.ಮೀ., ಗೂಗಲ್‌ನ ಪಿಕ್ಸೆಲ್ 4ಎ 144 × 69.4 ಮಿ.ಮೀ., ಪಿಕ್ಸೆಲ್ 8 150.5 × 70.8 ಮಿ.ಮೀ. ಎರಡು ಮೂರು ಪದರ ಅಂಟಿಸಿ ಎಂಟೊಂಬತ್ತು ಮಿ.ಮೀ. ದಪ್ಪ ಮಾಡಿಕೊಳ್ಳಬೇಕು, ತೆಳು ರಟ್ಟು ಹಿಡಿದು ನೋಡಿದರೆ ಲೆಕ್ಕ ತಪ್ಪುತ್ತದೆ. ಒಂದೇ ಕೈಯಲ್ಲಿ ಹಿಡಿದು, ಹಿಡಿತ ಸಡಿಲಿಸದೆ ಹೆಬ್ಬೆರಳು ಎದುರಿನ ಅಂಚಿನ ನಡುಭಾಗ ಮುಟ್ಟಿದರೆ ಆ ಅಗಲ ನಿಮಗೆ ಸರಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಲೆಕ್ಕವಿದೆ. ಇಂಗ್ಲಿಷ್ ಕೀಬೋರ್ಡಿನ ಮೇಲಿನ ಸಾಲಿನಲ್ಲಿ 10 ಕೀ. ಕನ್ನಡದ ಅಕ್ಷರಗಳನ್ನೇ ನೇರವಾಗಿ ಒತ್ತುವ ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ 11. ಪಿಕ್ಸೆಲ್ 8ರ ಪರದೆಯ ಅಗಲ ಸುಮಾರು 64.6 ಮಿ.ಮೀ., ಅಂದರೆ ಒಂದು ಕೀಗೆ 5.9 ಮಿ.ಮೀ. ಪಿಕ್ಸೆಲ್ 4ಎಯಲ್ಲಿ 5.6, ಐದಿಂಚಿನ ಎಕ್ಸ್‌ಝಡ್2 ಕಾಂಪ್ಯಾಕ್ಟ್‌ನಲ್ಲಿ 5.2. ಮೂರಿಂಚಿನ ಯೂನಿಹರ್ಟ್ಜ್ ಜೆಲ್ಲಿ ಸ್ಟಾರ್‌ಗೆ ಬಂದರೆ 3.4 ಮಿ.ಮೀ. ಇನ್‌ಸ್ಕ್ರಿಪ್ಟ್‌ನಲ್ಲಿ ಅರ್ಧಾಕ್ಷರದ ಕೀ ಇರುವುದು ನಡುಸಾಲಿನಲ್ಲಿ, ಏತ್ವದ ದೀರ್ಘ ಮತ್ತು ಗುಡಿಸಿನ ನಡುವೆ. ಬೆರಳು ಸ್ವಲ್ಪ ಬಲಕ್ಕೆ ಜಾರಿದರೂ ‘ಪಕ್ಕ’ ಹೋಗಿ ‘ಪಕಿಕ’ ಆಗುತ್ತದೆ. ‘ಸ್ವಾತಂತ್ರ್ಯ’ ಎಂಬ ಒಂದು ಪದಕ್ಕೆ 11 ಸಲ ಒತ್ತಬೇಕು, ಅದರಲ್ಲಿ ಮೂರು ಸಲ ಇದೇ ಕೀ. ಒಂದು ಕೀಗೆ 5.5 ಮಿ.ಮೀ.ಗಿಂತ ಕಡಿಮೆ ಸಿಗುವ ಫೋನನ್ನು ನಾನು ಪಟ್ಟಿಯಿಂದ ತೆಗೆದುಹಾಕಿದ್ದು ಈ ಕಾರಣಕ್ಕೆ. ಇಂಗ್ಲಿಷ್ ಲಿಪಿಯಲ್ಲಿ ಒತ್ತಿ ಕನ್ನಡ ಪಡೆಯುವವರು ಇನ್ನೂ ಸಣ್ಣದಕ್ಕೆ ಇಳಿಯಬಹುದು.

ಇನ್ನು ಗುಟ್ಟಿನ ವಿಷಯ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಐಫೋನ್ ಮತ್ತು ಪಿಕ್ಸೆಲ್‌ಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ಅಳೆದರು. ಯಾರೂ ಮುಟ್ಟದಿದ್ದರೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ಎರಡೂ ತಮ್ಮ ಕಂಪನಿಗೆ ಮಾಹಿತಿ ಕಳಿಸುತ್ತಿದ್ದವು. ಅದೇ ವರ್ಷ ಅವರ ತಂಡ ಸ್ಯಾಮ್‌ಸಂಗ್, ಶವೊಮಿ, ಹುವಾವೆ, ರಿಯಲ್‌ಮಿ ಫೋನುಗಳನ್ನೂ ನೋಡಿತು. ಅಲ್ಲಿ ಗೂಗಲ್ ಜೊತೆಗೆ ಫೋನು ಮಾಡಿದವರಿಗೂ ಮಾಹಿತಿ ಹೋಗುತ್ತಿತ್ತು. ಆ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಏನನ್ನೂ ಕಳಿಸದೆ ಸುಮ್ಮನಿದ್ದದ್ದು /ಇ/ಓಎಸ್ ಎಂಬ, ಗೂಗಲ್ ಸೇವೆಗಳನ್ನು ಕಿತ್ತುಹಾಕಿದ ಆಂಡ್ರಾಯ್ಡ್ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ). ಲಿನಿಯೇಜ್ ಓಎಸ್ ಎಂಬ ಇನ್ನೊಂದು ಬದಲಿ ಆಂಡ್ರಾಯ್ಡ್ ಹಾಕಿ ಅದರ ಮೇಲೆ ಗೂಗಲ್ ಆ್ಯಪ್‌ಗಳನ್ನು ಕೂರಿಸಿದ ಫೋನು ಗೂಗಲ್‌ಗೆ ಮಾಹಿತಿ ಕಳಿಸುತ್ತಲೇ ಇತ್ತು. ಓಎಸ್ ಬದಲಿಸಿ ಅದೇ ಸೇವೆಗಳಿಗೆ ಮತ್ತೆ ಪೂರ್ತಿ ಅಧಿಕಾರ ಕೊಟ್ಟರೆ ಪಟ್ಟ ಶ್ರಮವೆಲ್ಲ ದಂಡ.

ಕೈಗೆ ಒಗ್ಗಬೇಕು, ಓಎಸ್ ಬದಲಿಸಲೂ ಬರಬೇಕು. ಈ ಲೆಕ್ಕ ಹಿಡಿದು ಆಯ್ಕೆಗಳನ್ನು ಒಂದೊಂದಾಗಿ ಬಿಡುತ್ತಾ ಬಂದೆ. ಫೇರ್‌ಫೋನ್ ಕಂಪನಿಯದು ಒಳ್ಳೆಯ ಕೆಲಸ, ಆದರೆ ಮಾರುವುದು ಮುಖ್ಯವಾಗಿ ಯುರೋಪಿನಲ್ಲಿ, ಮೇಲಾಗಿ ಫೇರ್‌ಫೋನ್ 4ರ ತೂಕವೇ 225 ಗ್ರಾಂ. ಫಿನ್ಲೆಂಡಿನ ಯೋಲಾ ಕಂಪನಿಯ ಸೈಲ್‌ಫಿಶ್ ಓಎಸ್ ಬಹುಕಾಲ ನೆಚ್ಚಿಕೊಂಡದ್ದು ಸೋನಿ ಫೋನುಗಳನ್ನು, ಸೋನಿ 2019ರಲ್ಲೇ ಭಾರತದಲ್ಲಿ ಫೋನು ಮಾರುವುದನ್ನು ನಿಲ್ಲಿಸಿತು. ಲಿನಕ್ಸ್ ಫೋನುಗಳಾದ ಪೈನ್‌ಫೋನ್, ಲಿಬ್ರೆಮ್ 5 ಕಲಿಯುವವರಿಗೆ ಸರಿ, ದಿನನಿತ್ಯದ ಕರೆಗೆ, ಬ್ಯಾಂಕಿಗೆ ಅಲ್ಲ. ಏಸಸ್‌ನ ಜೆನ್‌ಫೋನ್ 10 ಅಗಲ 68.1 ಮಿ.ಮೀ., ತೂಕ 172 ಗ್ರಾಂ, ನೋಡಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಫೋನು ಆನ್ ಆದಾಗ ಮೊದಲು ಓಡುವ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗ ತೆಗೆಯದೆ ಓಎಸ್ ಬದಲಿಸಲಾಗದು, ಆ ಬೀಗ ತೆಗೆಯುವ ಸಾಧನವನ್ನೇ ಏಸಸ್ ಹಿಂತೆಗೆದುಕೊಂಡಿದೆ.

ಉಳಿದದ್ದು ಪಿಕ್ಸೆಲ್. ಗೂಗಲ್‌ನಿಂದ ದೂರ ಇರಲು ಗೂಗಲ್ ಮಾಡಿದ ಫೋನೇ ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಬೂಟ್‌ಲೋಡರ್‌ನ ಬೀಗದಲ್ಲಿದೆ. ಫೋನು ಆನ್ ಆದಾಗಲೆಲ್ಲ ಬೂಟ್‌ಲೋಡರ್ ಓಎಸ್‌ನ ಸಹಿಯನ್ನು ತಾಳೆ ನೋಡುತ್ತದೆ. ಬೀಗ ತೆಗೆದೇ ಬಿಟ್ಟರೆ, ಫೋನು ಹತ್ತು ನಿಮಿಷ ಬೇರೆಯವರ ಕೈಗೆ ಸಿಕ್ಕಿದರೂ ಓಎಸ್ ತಿರುಚಬಹುದು. ಬಹುತೇಕ ಕಂಪನಿಗಳ ಫೋನಿನಲ್ಲಿ ಬೀಗ ತೆಗೆಯಲು ಬಿಟ್ಟರೂ, ಬೇರೆಯವರ ಓಎಸ್ ಹಾಕಿದ ಮೇಲೆ ಮತ್ತೆ ಹಾಕಲು ಬಿಡುವುದಿಲ್ಲ. ಪಿಕ್ಸೆಲ್‌ನಲ್ಲಿ ಹೊಸ ಓಎಸ್‌ನ ಸಹಿಯನ್ನು ಫೋನಿಗೆ ಪರಿಚಯಿಸಿ, ಅದರ ಮೇಲೆ ಬೀಗ ಹಾಕಬಹುದು. ಅದಕ್ಕೇ ಭದ್ರತೆ, ಗೋಪ್ಯತೆಗೆ ಒತ್ತು ಕೊಡುವ ಗ್ರಾಫೀನ್ ಓಎಸ್ ಎಂಬ ಆಂಡ್ರಾಯ್ಡ್ ಪಿಕ್ಸೆಲ್ ಹಿಡಿದು ಬೆಳೆದದ್ದು. ಪಿಕ್ಸೆಲ್ 4ಎ ಅಳತೆಯಲ್ಲಿ ಬಲು ಚೆಂದ, 143 ಗ್ರಾಂ. ಆದರೆ ಅದರ ಭದ್ರತಾ ಅಪ್‌ಡೇಟ್ ಮುಗಿದಿದೆ, ಗ್ರಾಫೀನ್ ಓಎಸ್ ಕೂಡ ಕೈಬಿಟ್ಟಿದೆ. ಲಿನಿಯೇಜ್ ಓಎಸ್ ಹಾಕಿದರೂ ಚಿಪ್‌ನ ಒಳಗೆ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಳೆಯದೇ ಇರುತ್ತದೆ. ಪಿಕ್ಸೆಲ್ 8ಕ್ಕೆ ಅಕ್ಟೋಬರ್ 2030ರವರೆಗೆ ಅಪ್‌ಡೇಟ್ ಇದೆ. 187 ಗ್ರಾಂ ತೂಕವನ್ನು ಒಪ್ಪಿಕೊಂಡು ಅದನ್ನೇ ಆರಿಸಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದುಡ್ಡು ಕೊಡುವ ಮೊದಲೇ ಮಾಡಬೇಕಾದ ಕೆಲಸಗಳಿವೆ. *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ 15 ಅಂಕಿಯ ಗುರುತಿನ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂದು ಮೂರಕ್ಷರ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ದೂರಸಂಪರ್ಕ ಇಲಾಖೆಯ ಈ ಸೇವೆ ಕಪ್ಪುಪಟ್ಟಿ, ನಕಲು ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದರೆ ಎದ್ದು ಬನ್ನಿ. ಆಮೇಲೆ ಮಾರುವವರ ಗೂಗಲ್ ಖಾತೆ ತೆಗೆಸಿ ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಬೂಟ್‌ಲೋಡರ್ ಬೀಗ ತೆಗೆಯಲು ಬಿಡುವ ‘ಓಇಎಂ ಅನ್‌ಲಾಕಿಂಗ್’ ಆನ್ ಆಗಬೇಕು. ನೆಟ್ ಇಲ್ಲದಿದ್ದರೆ ಅದು ಬೂದುಬಣ್ಣದಲ್ಲಿ ಮಂಕಾಗಿ ಕಾಣಬಹುದು, ಅದಕ್ಕೇ ಮೊದಲು ವೈಫೈ. ನೆಟ್ ಇದ್ದೂ ಮಂಕಾಗಿಯೇ ಇದ್ದರೆ ಆ ಫೋನು ಬೇಡ. ಅಮೆರಿಕದಲ್ಲಿರುವ ಬಂಧುಗಳಿಂದ ತರಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು: ಅಲ್ಲಿನ ಮೊಬೈಲ್ ಕಂಪನಿ ವೆರೈಝನ್ ಮೂಲಕ ಮಾರಿದ ಪಿಕ್ಸೆಲ್‌ಗಳಲ್ಲಿ ಈ ಸ್ವಿಚ್ ಆನ್ ಆಗುವುದೇ ಇಲ್ಲ, ನೆಟ್‌ವರ್ಕ್ ಲಾಕ್ ತೆಗೆಸಿದ್ದರೂ. ತರಿಸುವುದಾದರೆ ಮೊದಲಿನಿಂದಲೂ ಯಾವ ಮೊಬೈಲ್ ಕಂಪನಿಗೂ ಕಟ್ಟುಬೀಳದ ಅನ್‌ಲಾಕ್ಡ್ ಮಾದರಿಯನ್ನೇ ತರಿಸಿ.

ಪಿಕ್ಸೆಲ್ 8ರ ಕೆಲವು ಫೋನುಗಳ ಪರದೆಯಲ್ಲಿ ಲಂಬ ಗೆರೆ, ಮಿನುಗು ಬರುವ ದೋಷವನ್ನು ಗೂಗಲ್ ತಾನೇ 2024ರಲ್ಲಿ ಒಪ್ಪಿಕೊಂಡಿದೆ. ಬೆಳಕನ್ನು ತೀರಾ ಕಡಿಮೆ ಮಾಡಿ, ಬೂದುಬಣ್ಣದ ಚಿತ್ರವೊಂದನ್ನು ತೆರೆದು ಐದು ನಿಮಿಷ ನೋಡಿ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ಎಂಬುದು ಅಬೌಟ್ ಫೋನ್‌ನ ಬ್ಯಾಟರಿ ಮಾಹಿತಿಯಲ್ಲಿ ಸಿಗುತ್ತದೆ.

ಮೂಲ ಓಎಸ್ ಅಳಿಸುವ ಮೊದಲು ನಿಮ್ಮದೇ ಸಿಮ್ ಹಾಕಿ ವೋಲ್ಟೆ, ಅಂದರೆ 4ಜಿ ಜಾಲದ ಮೇಲೆ ಹೋಗುವ ಕರೆ, ಕೆಲಸ ಮಾಡುತ್ತದೆಯೇ ಎಂದು ನೋಡಲೇಬೇಕು. ಜಿಯೋಗೆ 2ಜಿ, 3ಜಿ ಇಲ್ಲ. ವೋಲ್ಟೆ ಇಲ್ಲದಿದ್ದರೆ ಕರೆಯೇ ಇಲ್ಲ. ಏರ್‌ಟೆಲ್ ಆದರೆ ಕರೆ 2ಜಿಗೆ ಜಾರುತ್ತದೆ, ಅಷ್ಟು ಹೊತ್ತೂ ನೆಟ್ ನಿಲ್ಲುತ್ತದೆ. *#*#4636#*#* ಒತ್ತಿ, ಫೋನ್ ಮಾಹಿತಿಯ ಮೆನುವಿನಲ್ಲಿ ಐಎಂಎಸ್ ಸ್ಥಿತಿ ತೆರೆದರೆ ‘ರಿಜಿಸ್ಟರ್ಡ್’ ಎಂದಿರಬೇಕು. ಓಎಸ್ ಬದಲಿಸಿದ ಮೇಲೂ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಭಾರತದಲ್ಲಿ ಅಧಿಕೃತವಾಗಿ ಮಾರಿದ ಮಾದರಿ ಕೊಳ್ಳಿ ಎನ್ನುವುದು ಇದಕ್ಕೆ.

ಓಎಸ್ ಹಾಕುವುದು ಕಷ್ಟವಲ್ಲ. ಮೂಲ ಓಎಸ್‌ನಲ್ಲಿ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿಕೊಳ್ಳಿ, ಫರ್ಮ್‌ವೇರ್ ಹೊಸದಾಗಿರುತ್ತದೆ. ಕಂಪ್ಯೂಟರಿನಲ್ಲಿ 32 ಜಿಬಿ ಖಾಲಿ ಜಾಗ, ಕ್ರೋಮಿಯಂ ಆಧಾರಿತ ಬ್ರೌಸರ್ ಇರಲಿ. ಫೈರ್‌ಫಾಕ್ಸ್ ಆಗದು, ಬ್ರೌಸರ್ ನೇರವಾಗಿ ಫೋನಿನ ಜೊತೆ ಮಾತಾಡಲು ಬೇಕಾದ ವೆಬ್‌ಯುಎಸ್‌ಬಿ ಅದರಲ್ಲಿ ಇಲ್ಲ. ಉಬುಂಟುವಿನ ಸ್ನ್ಯಾಪ್ ಬ್ರೌಸರ್ ಬಳಸಬೇಡಿ. ಇನ್‌ಕಾಗ್ನಿಟೋ ಕಿಟಕಿಯೂ ಬೇಡ, ಡೌನ್‌ಲೋಡ್‌ಗೆ ಬೇಕಾದಷ್ಟು ಜಾಗ ಅದರಲ್ಲಿ ಸಿಗುವುದಿಲ್ಲ. ಓಇಎಂ ಅನ್‌ಲಾಕಿಂಗ್ ಆನ್ ಮಾಡಿ, ಫೋನು ಮರುಚಾಲನೆ ಆಗುವಾಗ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿ ಹಿಡಿದರೆ ಫಾಸ್ಟ್‌ಬೂಟ್ ಪರದೆ ಬರುತ್ತದೆ. ಕೇಬಲ್ ಜೋಡಿಸಿ, ಗ್ರಾಫೀನ್ ಓಎಸ್‌ನ ವೆಬ್ ಇನ್‌ಸ್ಟಾಲರ್ ಪುಟದಲ್ಲಿ ನಾಲ್ಕು ಬಟನ್‌ಗಳನ್ನು ಕ್ರಮವಾಗಿ ಒತ್ತುತ್ತಾ ಹೋಗಿ: ಅನ್‌ಲಾಕ್, ಡೌನ್‌ಲೋಡ್, ಫ್ಲ್ಯಾಶ್ (ಫೋನಿಗೆ ಓಎಸ್ ಬರೆಯುವುದು), ಲಾಕ್. ಅನ್‌ಲಾಕ್ ಮತ್ತು ಲಾಕ್ ಎರಡಕ್ಕೂ ಫೋನಿನಲ್ಲಿ ವಾಲ್ಯೂಮ್ ಬಟನ್‌ನಿಂದ ಆರಿಸಿ ಪವರ್ ಬಟನ್‌ನಿಂದ ಒಪ್ಪಿಗೆ ಕೊಡಬೇಕು, ಎರಡೂ ಸಲ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫ್ಲ್ಯಾಶ್ ಆಗುವಾಗ ಫೋನು ತಾನಾಗಿ ಹಲವು ಸಲ ಆಫ್ ಆಗಿ ಆನ್ ಆಗುತ್ತದೆ. ಕೆಟ್ಟಿತೆಂದು ಹೆದರಿ ಕೇಬಲ್ ಕೀಳಬೇಡಿ.

ಕೆಲಸ ನಡುವೆ ನಿಂತರೆ ಸಾಮಾನ್ಯವಾಗಿ ತಪ್ಪು ಕೇಬಲ್‌ನದು ಅಥವಾ ಯುಎಸ್‌ಬಿ ಹಬ್‌ನದು. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ವಿಂಡೋಸ್‌ಗೆ ಫೋನು ಕಾಣದಿದ್ದರೆ ವಿಂಡೋಸ್ ಅಪ್‌ಡೇಟ್‌ನ ಐಚ್ಛಿಕ ಪಟ್ಟಿಯಲ್ಲಿ ಡ್ರೈವರ್ ಇರುತ್ತದೆ. ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯುಯುಪಿಡಿ ಸೇವೆ ಅಡ್ಡ ಬರುತ್ತದೆ, ಅದನ್ನು ನಿಲ್ಲಿಸಿ. ಕೊನೆಯ ಲಾಕ್ ಬಟನ್ ಮರೆತರೆ ಮೇಲೆ ಹೇಳಿದ ಬೀಗದ ಲಾಭವೆಲ್ಲ ಹೋಯಿತು. ಲಾಕ್ ಸರಿಯಾಗಿ ಆಗಿದ್ದರೆ ಇನ್ನು ಮುಂದೆ ಆನ್ ಆದಾಗಲೆಲ್ಲ ಹಳದಿ ಎಚ್ಚರಿಕೆ, ಕೆಳಗೆ ಅಕ್ಷರ-ಅಂಕಿಗಳ ಉದ್ದನೆಯ ಸಾಲು ಕಾಣುತ್ತದೆ. ಆ ಸಾಲನ್ನು ಅಧಿಕೃತ ಪುಟದಲ್ಲಿರುವುದರೊಂದಿಗೆ ಒಮ್ಮೆ ಅಕ್ಷರ ಬಿಡದೆ ತಾಳೆ ನೋಡಿ.

ನಿಜವಾದ ಕೆಲಸ ಶುರುವಾಗುವುದು ಈಗ. ನಾನು ಫೋನಿನಲ್ಲಿ ಎರಡು ಪ್ರೊಫೈಲ್, ಅಂದರೆ ಬೇರೆ ಬೇರೆ ಎರಡು ಕೋಣೆ, ಮಾಡಿದ್ದೇನೆ. ಮೊದಲನೆಯದು ದಿನಬಳಕೆಯದು: ಕರೆ, ಸಂದೇಶ, ಕ್ಯಾಮೆರಾ, ಬ್ರೌಸರ್, ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಅಂಗಡಿಯಿಂದ ತಂದ ಆ್ಯಪ್‌ಗಳು. ಇಲ್ಲಿ ಗೂಗಲ್ ಖಾತೆಯೂ ಇಲ್ಲ, ಸೇವೆಯೂ ಇಲ್ಲ. ಎರಡನೆಯದು ಬ್ಯಾಂಕಿಗೆ. ಅಲ್ಲಿ ಗ್ರಾಫೀನ್‌ನ ಆ್ಯಪ್ ಅಂಗಡಿಯಿಂದಲೇ ಗೂಗಲ್‌ನ ಹಿನ್ನೆಲೆ ಸೇವೆಯಾದ ಪ್ಲೇ ಸರ್ವಿಸಸ್ ಹಾಕಿದ್ದೇನೆ. ಗ್ರಾಫೀನ್‌ನಲ್ಲಿ ಅದಕ್ಕೆ ವಿಶೇಷ ಅಧಿಕಾರ ಯಾವುದೂ ಇಲ್ಲ. ಬೇರೆ ಆ್ಯಪ್‌ಗಳಂತೆ ಅದೂ ಅನುಮತಿ ಕೇಳಬೇಕು, ಮೊದಲ ಪ್ರೊಫೈಲ್‌ನ ಫೋಟೋ, ಸಂಪರ್ಕ ಯಾವುದೂ ಅದಕ್ಕೆ ಕಾಣದು.

ಯುಪಿಐ ಆ್ಯಪ್ ಇಲ್ಲಿ ಎಡವುವುದು ಮೊದಲ ಹೆಜ್ಜೆಯಲ್ಲೇ. ನೋಂದಣಿಯ ಹೊತ್ತಿಗೆ ಅದು ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ. ಎರಡನೇ ಪ್ರೊಫೈಲ್‌ಗೆ ಕರೆ, ಎಸ್‌ಎಂಎಸ್ ಅನುಮತಿ ಮೊದಲಿಗೆ ಆಫ್ ಇರುತ್ತದೆ. ಮೊದಲ ಪ್ರೊಫೈಲ್‌ನಿಂದ ಸೆಟ್ಟಿಂಗ್ಸ್‌ನ ಯೂಸರ್ಸ್ ಪಟ್ಟಿಗೆ ಹೋಗಿ ಅದನ್ನು ಆನ್ ಮಾಡಬೇಕು. ಎಸ್‌ಎಂಎಸ್ ಇಲ್ಲದ ಅಗ್ಗದ ಪ್ಯಾಕ್ ಹಾಕಿಸಿದ್ದರೂ ಇದೇ ಗತಿ, ಆ್ಯಪ್ ಮಾತ್ರ ‘ಸಿಮ್ ದೃಢಪಡಿಸಲಾಗಲಿಲ್ಲ’ ಎಂದಷ್ಟೇ ಹೇಳುತ್ತದೆ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ, ಮರೆಯದೆ ಆಫ್ ಮಾಡಿ. ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡರೆ, ಅದರ ಆ್ಯಪ್ ಮಾಹಿತಿಯಲ್ಲಿ ‘ಎಕ್ಸ್‌ಪ್ಲಾಯಿಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್’ ಆನ್ ಮಾಡಿ ನೋಡಿ. ಗ್ರಾಫೀನ್‌ನ ಮೆಮೊರಿ ಕಾವಲು ಬಿಗಿ, ಸಡಿಲವಾಗಿ ಬರೆದ ಆ್ಯಪ್ ಅದಕ್ಕೆ ಸಿಕ್ಕಿಬೀಳುತ್ತದೆ. ಆ್ಯಪನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿ, ಬೇರೆಡೆಯಿಂದ ಹಾಕಿದ್ದನ್ನು ಕೆಲವು ಬ್ಯಾಂಕ್‌ಗಳು ಗುರುತಿಸಿ ನಿರಾಕರಿಸುತ್ತವೆ.

ಇಷ್ಟಾದರೂ, ಫೋನಿನ ಓಎಸ್ ತಾನು ಒಪ್ಪಿದ್ದೇ ಎಂದು ಗೂಗಲ್ ಕೊಡುವ ಪ್ಲೇ ಇಂಟೆಗ್ರಿಟಿ ಪ್ರಮಾಣಪತ್ರವೇ ಬೇಕೆಂದು ಹಟ ಹಿಡಿಯುವ ಆ್ಯಪ್‌ಗಳಿವೆ. ಅವಕ್ಕೆ ದಾರಿಯಿಲ್ಲ. ಆ ಬ್ಯಾಂಕಿನ ಕೆಲಸವನ್ನು ಬ್ರೌಸರಿನಲ್ಲಿ ನೆಟ್‌ಬ್ಯಾಂಕಿಂಗ್ ಮೂಲಕ ಮಾಡಿ, ಯುಪಿಐಗೆ ಬೇರೆ ಆ್ಯಪ್ ನೋಡಿ. ಹಳೆಯ ಫೋನನ್ನು ಮಾರುವ ಮೊದಲು ಒಂದು ವಾರ ಹೊಸದರಲ್ಲೇ ಬಾಳಿ ನೋಡಿ ಎನ್ನುವುದು ಈ ಒಂದು ಕಾರಣಕ್ಕಾಗಿಯೇ. ಡಿಜಿಲಾಕರ್, ರೈಲಿನ ಐಆರ್‌ಸಿಟಿಸಿ, ಕೆಎಸ್‌ಆರ್‌ಟಿಸಿ ಟಿಕೆಟ್‌ಗೆ ಬ್ರೌಸರ್ ಸಾಕು, ಆ್ಯಪ್ ಬೇಕಿಲ್ಲ.

ವಾಟ್ಸ್‌ಆ್ಯಪ್ ಬಿಡಿ ಎಂದು ನಾನು ಹೇಳಲಾರೆ. ಹಾಲಿನವರಿಂದ ಹಿಡಿದು ಮಕ್ಕಳ ಶಾಲೆಯವರೆಗೆ ಎಲ್ಲ ಅಲ್ಲೇ ಇದೆ. ಅದನ್ನು ಕಂಪನಿಯ ಜಾಲತಾಣದಿಂದ ನೇರವಾಗಿ ಇಳಿಸಿಕೊಳ್ಳಬಹುದು, ಪ್ಲೇ ಸರ್ವಿಸಸ್ ಇಲ್ಲದೆಯೂ ಸಂದೇಶ ಬರುತ್ತದೆ. ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡದಿದ್ದರೆ ಮಾತ್ರ ತಡವಾಗುತ್ತದೆ. ಸಂಪರ್ಕ ಪಟ್ಟಿ ಕೇಳಿದಾಗ ‘ಕಾಂಟ್ಯಾಕ್ಟ್ ಸ್ಕೋಪ್ಸ್’ ಆರಿಸಿ ಬೇಕಾದ ಹತ್ತೋ ಇಪ್ಪತ್ತೋ ಹೆಸರನ್ನಷ್ಟೇ ತೋರಿಸಿ. ನಮ್ಮ ಫೋನಿನಲ್ಲಿರುವ ಡಾಕ್ಟರ ನಂಬರು, ಊರಿನ ಅಜ್ಜಿಯ ನಂಬರು ಯಾರಿಗೋ ಒಪ್ಪಿಸುವ ಹಕ್ಕು ನಮಗಿಲ್ಲ ಎಂದೇ ನಾನು ನಂಬಿದ್ದೇನೆ.

ಕೀಬೋರ್ಡಿಗೆ ಹೆಲಿಬೋರ್ಡ್ ಹಾಕಿ. ಕನ್ನಡ ಇದೆ, ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಜಿಬೋರ್ಡ್‌ನ ಲಿಪ್ಯಂತರ ಬಿಡಲಾಗದವರು ಕನ್ನಡದ ಪ್ಯಾಕ್ ಇಳಿಯುವವರೆಗೆ ಕಾದು, ಆಮೇಲೆ ಅದರ ನೆಟ್‌ವರ್ಕ್ ಅನುಮತಿ ಕತ್ತರಿಸಬಹುದು. ಹೀಗೆ ಆ್ಯಪ್‌ಗೊಂದರಂತೆ ನೆಟ್ ಕತ್ತರಿಸುವ ಸ್ವಿಚ್ ಗ್ರಾಫೀನ್‌ನಲ್ಲಿದೆ. ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಕರ್ನಾಟಕವನ್ನು ಇಳಿಸಿಕೊಂಡರೆ ನೆಟ್ ಇಲ್ಲದ ಘಟ್ಟದಲ್ಲೂ ದಾರಿ ಸಿಗುತ್ತದೆ. ಆದರೆ ಬೆಂಗಳೂರಿನ ಮೇನ್, ಕ್ರಾಸ್, ಮನೆ ನಂಬರ್ ಹಿಡಿದು ಹುಡುಕಿದರೆ ಬಹಳ ಸಲ ಸಿಗುವುದಿಲ್ಲ. ಹತ್ತಿರದ ದೇವಸ್ಥಾನ, ಶಾಲೆಯ ಹೆಸರು ಹಾಕಿ ಹುಡುಕಬೇಕು.

ಅಪ್‌ಡೇಟ್ ಹಿನ್ನೆಲೆಯಲ್ಲೇ ಇಳಿದು ರೀಸ್ಟಾರ್ಟ್ ಕೇಳುತ್ತದೆ. ಹದಿನೆಂಟು ಗಂಟೆ ಫೋನು ತೆರೆಯದಿದ್ದರೆ ಅದು ತಾನಾಗಿಯೂ ರೀಸ್ಟಾರ್ಟ್ ಆಗುತ್ತದೆ. ಎರಡೂ ಸಂದರ್ಭದಲ್ಲಿ ಬ್ಯಾಂಕ್ ಪ್ರೊಫೈಲ್ ಮುಚ್ಚಿರುತ್ತದೆ. ಒಮ್ಮೆ ಅದರೊಳಗೆ ಹೋಗಿ ಪಾಸ್‌ವರ್ಡ್ ಕೊಡುವವರೆಗೆ ಅಲ್ಲಿನ ಯಾವ ಆ್ಯಪೂ ಓಡುವುದಿಲ್ಲ, ನೋಟಿಫಿಕೇಶನ್ನೂ ಬರುವುದಿಲ್ಲ. ಹಾಗಾಗಿ ಮಾರ್ಕೆಟ್ಟಿಗೆ ಹೊರಡುವ ಮೊದಲು, ಮನೆಯಲ್ಲೇ ಆ ಪ್ರೊಫೈಲ್ ತೆರೆದಿಟ್ಟುಕೊಂಡು ಹೋಗಿ. ಜೇಬಿನಲ್ಲಿ ಇನ್ನೂರು ರೂಪಾಯಿ ನೋಟೂ ಇರಲಿ.