20 ಭಾಗಿಸು 3: ನನ್ನ ಬರ್ನ್ ಡೆಕ್ ಕಟ್ಟಿದ ಕತೆ

ಮ್ಯಾಜಿಕ್: ದ ಗ್ಯಾದರಿಂಗ್ ಎನ್ನುವ ಕಾರ್ಡ್ ಆಟಕ್ಕೆ ನಾನು ಕಟ್ಟಿದ ಮೊದಲ ಡೆಕ್‌ನಲ್ಲಿ, ಅಂದರೆ ಆಡಲು ಒಯ್ಯುವ ಕಾರ್ಡ್ ಕಟ್ಟಿನಲ್ಲಿ, 73 ಕಾರ್ಡ್ ಇದ್ದವು. ಮೂರು ಬಣ್ಣ. ಇಷ್ಟವಾದ ಕಾರ್ಡ್‌ಗಳೆಲ್ಲ ಒಂದೊಂದು. ಯಾವುದನ್ನೂ ಬಿಡೋಕೆ ಮನಸ್ಸು ಬರದೆ ಎಲ್ಲವನ್ನೂ ತುರುಕಿದ್ದೆ. ಮೊದಲ ಪಂದ್ಯಾವಳಿಯಲ್ಲಿ ನಾಲ್ಕು ಮ್ಯಾಚ್ ಆಡಿದೆ, ನಾಲ್ಕನ್ನೂ ಸೋತೆ. ಪ್ರತಿ ಸಲ ಬಾಯಿಗೆ ಬಂದದ್ದು ಇಸ್ಪೀಟಾಡುವವರ ಹಳೇ ಮಾತು: "ಎಲೆ ಬೀಳಲಿಲ್ಲ."

ಕೊನೆಯ ಮ್ಯಾಚ್‌ನಲ್ಲಿ ಎದುರಿಗಿದ್ದ ಹುಡುಗ ನನಗಿಂತ ಹತ್ತು ವರ್ಷ ಚಿಕ್ಕವನು. ಕಾರ್ಡ್ ಎತ್ತಿಡುತ್ತಾ ಕೇಳಿದ: "ಅಣ್ಣಾ, ಆ ಡ್ರ್ಯಾಗನ್ ಡೆಕ್‌ನಲ್ಲಿ ಎಷ್ಟಿದೆ?" ಒಂದು ಎಂದೆ. "73ರಲ್ಲಿ ಒಂದು. ಅದು ಬರ್ಲಿ ಅಂತ ಕಾಯ್ತಾ ಇದ್ರಾ?" ಹೌದು, ಅದನ್ನೇ ಮಾಡುತ್ತಿದ್ದೆ. ಆರು ಮಾನಾ (ಕಾರ್ಡ್ ಆಡಲು ತೆರುವ ಶಕ್ತಿ) ಬೇಡುವ ಡ್ರ್ಯಾಗನ್. ಮೂಗಿಗಿಂತ ಮೂಗುತಿ ಭಾರ.

ಮನೆಗೆ ಬಂದು ಲೆಕ್ಕ ಹಾಕಿದೆ. ಡೆಕ್‌ನಲ್ಲಿ ಕಡಿಮೆ ಎಂದರೆ 60 ಕಾರ್ಡ್ ಇರಬೇಕು, ಜಾಸ್ತಿಗೆ ಮಿತಿ ಇಲ್ಲ. ಒಂದೇ ಹೆಸರಿನ ಕಾರ್ಡ್ 4ರವರೆಗೆ ಹಾಕಬಹುದು, ಮಾನಾ ಕೊಡುವ ಮಾಮೂಲಿ ಕಾರ್ಡ್, ಅಂದರೆ ಬೇಸಿಕ್ ಲ್ಯಾಂಡ್, ಎಷ್ಟಾದರೂ ಸರಿ. ಆಟ ಶುರುವಾಗುವುದು 7 ಕಾರ್ಡ್‌ನಿಂದ. 73ರಲ್ಲಿ ಒಂದೇ ಒಂದು ಕಾರ್ಡ್ ಇದ್ದರೆ ಅದು ಆ 7ರಲ್ಲಿ ಬರುವುದು ನೂರಕ್ಕೆ ಹತ್ತು ಸಲಕ್ಕಿಂತ ಕಡಿಮೆ. 60ರಲ್ಲಿ ನಾಲ್ಕು ಇದ್ದರೆ, ಕನಿಷ್ಠ ಒಂದಾದರೂ ಬರುವುದು ನೂರಕ್ಕೆ ಸುಮಾರು 40 ಸಲ. ಅಲ್ಲಿಗೆ ಎಲೆಯನ್ನು ಬೈಯುವುದು ನಿಂತಿತು. ತಪ್ಪು ನಾನು ಡೆಕ್ ಕಟ್ಟಿದ ರೀತಿಯಲ್ಲೇ ಇತ್ತು.

ಎರಡನೇ ಡೆಕ್ಕಿಗೆ ನಾನು ಆರಿಸಿಕೊಂಡದ್ದು ಪಾಪರ್ ಎನ್ನುವ ಆಟದ ಬಗೆ. ಅದರಲ್ಲಿ ಕಾಮನ್ (ಅಪರೂಪವಲ್ಲದ್ದು) ಎಂದು ಅಚ್ಚಾದ ಕಾರ್ಡ್‌ಗಳಿಗೆ ಮಾತ್ರ ಜಾಗ. ಡ್ರ್ಯಾಗನ್ ತಾನಾಗಿಯೇ ಹೊರಗೆ ಹೋಯಿತು, ನಾನು ಗಟ್ಟಿ ಮನಸ್ಸು ಮಾಡುವ ಕಷ್ಟ ತಪ್ಪಿತು. ಕಾಮನ್ ಎಂದರೆ ಸಪ್ಪೆ ಎಂದುಕೊಳ್ಳಬೇಡಿ. 1993ರ ಮೊದಲ ಸೆಟ್‌ನಿಂದ ಇರುವ ಲೈಟ್ನಿಂಗ್ ಬೋಲ್ಟ್ ಕೂಡ ಕಾಮನ್ನೇ. ಒಂದು ಮಾನಾ, ಮೂರು ಡ್ಯಾಮೇಜ್.

ಆ ಬೋಲ್ಟ್‌ನಿಂದಲೇ ಯೋಚನೆ ಶುರುವಾಯಿತು. ಎದುರಾಳಿಯ ಲೈಫ್, ಅಂದರೆ ಜೀವದ ಅಂಕ, 20. ಒಂದು ಬೋಲ್ಟಿಗೆ 3. ಏಳು ಬೋಲ್ಟ್ ಬಿದ್ದರೆ 21, ಆಟ ಮುಗಿಯಿತು. ಮೊದಲು ಆಡುವವರು ಮೊದಲ ಟರ್ನ್‌ನಲ್ಲಿ ಕಾರ್ಡ್ ಎಳೆಯುವುದಿಲ್ಲ. ಹಾಗಾಗಿ ನಾಲ್ಕನೇ ಟರ್ನ್‌ವರೆಗೆ ನಾನು ನೋಡುವುದು 7 ಮತ್ತು 3, ಒಟ್ಟು 10 ಕಾರ್ಡ್. ಅದರಲ್ಲಿ 3 ಲ್ಯಾಂಡ್, 7 ಬೆಂಕಿ, ಅಂದರೆ ಬೋಲ್ಟ್‌ನಂತೆ ನೇರವಾಗಿ ಡ್ಯಾಮೇಜ್ ಕೊಡುವ ಕಾರ್ಡ್, ಇರಬೇಕು. ಇಂಥ ಡೆಕ್ಕಿಗೇ ಬರ್ನ್ ಎನ್ನುವುದು. ಹತ್ತಕ್ಕೆ ಮೂರು ಎಂದರೆ ಅರವತ್ತಕ್ಕೆ ಹದಿನೆಂಟು. ನನ್ನ ಡೆಕ್‌ನ ಲ್ಯಾಂಡ್ ಎಣಿಕೆ ಹೀಗೆ ಬಂತು. ಬೇರೆಯವರ ಪಟ್ಟಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಯಾಕೆ ಅಷ್ಟು ಎನ್ನುವುದು ನನಗೆ ಹೊಳೆದದ್ದು ಈ ಭಾಗಾಕಾರ ಮಾಡಿದ ಮೇಲೆ.

ಇಲ್ಲೂ ಆಸೆಬುರುಕತನ ಬಿಡಲಿಲ್ಲ. ಲ್ಯಾಂಡ್ 16ಕ್ಕೆ ಇಳಿಸಿದರೆ ಇನ್ನೆರಡು ಬೆಂಕಿ ಹಿಡಿಸುತ್ತದಲ್ವಾ? ಇಳಿಸಿ ನೋಡಿದೆ. 16 ಲ್ಯಾಂಡ್ ಇರುವಾಗ, ಮೊದಲ ಏಳರಲ್ಲಿ ಒಂದೇ ಲ್ಯಾಂಡ್ ಅಥವಾ ಒಂದೂ ಇಲ್ಲದ ಕೈ ನೂರಕ್ಕೆ 39 ಸಲ ಬರುತ್ತದೆ. 18ಕ್ಕೆ ಅದು 31, 20ಕ್ಕೆ ಸುಮಾರು 25. ಒಂದೇ ಲ್ಯಾಂಡಿನ ಕೈಯನ್ನು ಕೆಲವೊಮ್ಮೆ ಇಟ್ಟುಕೊಳ್ಳಬಹುದು ಎಂದು ನನಗೆ ನಾನೇ ಹೇಳಿಕೊಂಡು ಆರು ಆಟ ಸೋತೆ. ಕೈ ತಿರುಗಿಸಿ ಕೊಟ್ಟರೆ, ಅಂದರೆ ಮಲಿಗನ್ ಮಾಡಿದರೆ, 2019ರಿಂದ ಇರುವ ನಿಯಮದ ಪ್ರಕಾರ ಮತ್ತೆ ಏಳು ಎಳೆದು, ಒಂದನ್ನು ಡೆಕ್‌ನ ತಳಕ್ಕೆ ಹಾಕಬೇಕು. ಬೇರೆ ಡೆಕ್‌ಗಳಿಗೆ ಇದು ಅಷ್ಟೇನೂ ನೋವಲ್ಲ. ಬರ್ನ್‌ಗೆ ಒಂದು ಕಾರ್ಡ್ ಹೋದರೆ ಮೂರು ಡ್ಯಾಮೇಜ್ ಹೋದ ಹಾಗೆ. ಸುಮ್ನೆ 18ಕ್ಕೆ ವಾಪಸ್ ಬಂದೆ.

ಉಳಿದ 42 ಜಾಗ ತುಂಬುವುದು ಸುಲಭ ಎಂದುಕೊಂಡಿದ್ದೆ. ಮೊದಲ ಇಪ್ಪತ್ತು ನಿಜಕ್ಕೂ ಸುಲಭವೇ: ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂವರ್ ದ ಕ್ರಿಟಿಕ್ಸ್, ತಲಾ ನಾಲ್ಕು. ಎಲ್ಲವೂ ಮೂರು ಡ್ಯಾಮೇಜ್. ಆದರೆ ಕೊನೆಯ ಎರಡನ್ನು ತಲಾ ಒಂದು ಮಾನಾದಲ್ಲಿ ಆಡಬೇಕಾದರೆ ಹೊತ್ತು ನೋಡಿ ಆಡಬೇಕು. ರಿಫ್ಟ್ ಬೋಲ್ಟನ್ನು ಈ ಟರ್ನ್ ಪಕ್ಕಕ್ಕಿಟ್ಟರೆ ಮುಂದಿನ ಟರ್ನ್ ಶುರುವಿನಲ್ಲಿ ಸಿಡಿಯುತ್ತದೆ. ಸ್ಕ್ಯೂವರ್ ಅಗ್ಗವಾಗಬೇಕಾದರೆ ಆ ಟರ್ನ್‌ನಲ್ಲಿ ಎದುರಾಳಿಯ ಲೈಫ್ ಆಗಲೇ ಕಡಿಮೆಯಾಗಿರಬೇಕು. ಮೊದಲ ಟರ್ನ್ ರಿಫ್ಟ್ ಬೋಲ್ಟ್ ಇಟ್ಟೆ ಎನ್ನಿ. ಎರಡನೇ ಟರ್ನ್ ಅದು ಸಿಡಿಯಿತು, ಹಿಂದೆಯೇ ಒಂದು ಮಾನಾಕ್ಕೆ ಸ್ಕ್ಯೂವರ್, ಇನ್ನೊಂದು ಮಾನಾಕ್ಕೆ ಲಾವಾ ಸ್ಪೈಕ್. ಎರಡನೇ ಟರ್ನ್‌ಗೇ 9! ಈ ಸರಣಿ ಮೊದಲ ಸಲ ಕೈಗೂಡಿದಾಗ ನಾನು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ್ದು ಎದುರಾಳಿಗೆ ಇಷ್ಟವಾಗಲಿಲ್ಲ.

ಜೀವಿಗಳ, ಅಂದರೆ ಮೇಜಿನ ಮೇಲೆ ಉಳಿದು ಹೋರಾಡುವ ಕಾರ್ಡ್‌ಗಳ, ವಿಷಯದಲ್ಲಿ ತುಂಬ ದಿನ ತಿಣುಕಾಡಿದೆ. ನನ್ನ ಪ್ರಶ್ನೆ ಒಂದೇ: ಇದು ಸಾಯುವ ಮೊದಲು ಮೂರಕ್ಕಿಂತ ಜಾಸ್ತಿ ಡ್ಯಾಮೇಜ್ ಕೊಡುತ್ತದಾ? ಕೆಲ್ಡನ್ ಮರಾಡರ್ಸ್ ಎರಡು ಮಾನಾ. ಬರುವಾಗ 1, ಹೋಗುವಾಗ 1, ನಡುವೆ ಒಂದೇ ಒಂದು ಸಲ 3ರ ದಾಳಿ. ತಡೆಯದಿದ್ದರೆ 5, ತಡೆದರೂ ಸಾಮಾನ್ಯವಾಗಿ 2. ಥರ್ಮೋ ಆಲ್ಕೆಮಿಸ್ಟ್ ಕೂಡ ಎರಡು ಮಾನಾ, ಆದರೆ ಬಂದ ಟರ್ನ್ ಸುಮ್ಮನೆ ಕೂರುತ್ತದೆ. ಮರು ಟರ್ನ್‌ನಿಂದ ಒಂದೊಂದು ಡ್ಯಾಮೇಜ್. ನಾನು ಮಂತ್ರ (ಬೋಲ್ಟ್‌ನಂಥ ಕಾರ್ಡ್) ಹಾಕಿದಷ್ಟು ಸಲ ಅದು ಮತ್ತೆ ಎದ್ದು ನಿಲ್ಲುತ್ತದೆ, ಮತ್ತೊಂದು ಡ್ಯಾಮೇಜ್ ಕೊಡುತ್ತದೆ. ಮೂರಿದ್ದ ಬೋಲ್ಟ್ ನಾಲ್ಕಾಗುತ್ತದೆ. ಎರಡನ್ನೂ ತಲಾ ನಾಲ್ಕು ಇಟ್ಟೆ. ಬೇಗ ಇಳಿದ ಆಲ್ಕೆಮಿಸ್ಟನ್ನು ಎದುರಾಳಿ ಕೊಲ್ಲಲೇಬೇಕು, ಅದಕ್ಕೆ ಅವರ ಒಂದು ಕಾರ್ಡ್ ಖರ್ಚಾಗುತ್ತದೆ. ಅದೂ ಲಾಭವೇ.

ಪ್ರಯೋಗ ಮಾಡುವಾಗ ಕಾರ್ಡ್ ಕೊಂಡುಕೊಳ್ಳಲಿಲ್ಲ. ಕಾಗದದ ಚೂರಿನ ಮೇಲೆ ಹೆಸರು ಬರೆದು, ಹಳೇ ಕಾರ್ಡಿನ ಮುಂದೆ ಪ್ಲಾಸ್ಟಿಕ್ ಸ್ಲೀವ್‌ಗೆ ತೂರಿಸಿದೆ. ಪಂದ್ಯಾವಳಿಯಲ್ಲಿ ಇದು ನಡೆಯದು, ಮನೆಯಲ್ಲಿ ಧಾರಾಳವಾಗಿ ನಡೆಯುತ್ತದೆ. ಪ್ರತಿ ಆಟದ ಕೊನೆಗೆ ಒಂದು ಪುಸ್ತಕದಲ್ಲಿ ಒಂದೇ ಸಾಲು ಬರೆದಿಟ್ಟೆ: ಸೋತಾಗ ಕೈಯಲ್ಲಿ ಉಳಿದ ಕಾರ್ಡ್ ಯಾವುದು? ನನ್ನ ಮಟ್ಟಿಗೆ ಗೆದ್ದ ಲೆಕ್ಕಕ್ಕಿಂತ ಈ ಸಾಲುಗಳೇ ಜಾಸ್ತಿ ಕೆಲಸಕ್ಕೆ ಬಂದವು.

ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬಂದ ಹೆಸರು ಫೈರ್‌ಬ್ಲಾಸ್ಟ್. ಅದರ ಬೆಲೆ ಆರು ಮಾನಾ, ಆದರೆ ಯಾರೂ ಅಷ್ಟು ಕೊಡುವುದಿಲ್ಲ. ಬದಲಿಗೆ ಎರಡು ಮೌಂಟನ್ (ಇದೇ ನನ್ನ ಲ್ಯಾಂಡ್) ಬಲಿ ಕೊಟ್ಟರೆ ಸಾಕು, 4 ಡ್ಯಾಮೇಜ್. ನಾಲ್ಕೂ ಹಾಕಿದ್ದೆ. ಎರಡು ಕೈಗೆ ಬಂದರೆ ನಾಲ್ಕು ಮೌಂಟನ್ ಬೇಕು, ಮೇಜಿನ ಮೇಲೆ ಇರುವುದು ಮೂರು. ಎರಡನೆಯದು ಕೈಯಲ್ಲೇ ಕೊಳೆಯುತ್ತದೆ. ಇನ್ನೊಂದು ಪಾಠ ಮೇಜಿನ ಮೇಲೇ ಆಯಿತು. ನೀಲಿ ಡೆಕ್ ಆಡುತ್ತಿದ್ದವರ ಲೈಫ್ 7 ಇತ್ತು. ಆತುರಪಟ್ಟು ಫೈರ್‌ಬ್ಲಾಸ್ಟ್ ಹಾಕಿದೆ. ಅವರು ಕೌಂಟರ್ ಮಾಡಿದರು, ಅಂದರೆ ಅದನ್ನು ರದ್ದು ಮಾಡಿದರು. ಬಲಿ ಕೊಟ್ಟದ್ದು ಕಾರ್ಡಿನ ಬೆಲೆ, ಅದು ಮರಳಿ ಬರುವುದಿಲ್ಲ. ಡ್ಯಾಮೇಜೂ ಇಲ್ಲ, ಲ್ಯಾಂಡೂ ಇಲ್ಲ, ಕೈಯಲ್ಲಿ ಎರಡು ಬೋಲ್ಟ್ ಹಿಡಿದು ಒಂದೇ ಮೌಂಟನ್ ನೋಡುತ್ತಾ ಕೂತೆ. ಈಗ ಮೂರೇ ಇಡುತ್ತೇನೆ. ಅದೂ ಕೊನೆಯ ಪೆಟ್ಟಿಗೆ ಮಾತ್ರ.

ಇನ್ನು ಸೈಡ್‌ಬೋರ್ಡ್, ಅಂದರೆ ಆಟಗಳ ನಡುವೆ ಡೆಕ್‌ಗೆ ಬದಲಾಯಿಸಿಕೊಳ್ಳಲು ಪಕ್ಕದಲ್ಲಿಡುವ 15 ಕಾರ್ಡ್. ಮೊದಮೊದಲು ಮಿಕ್ಕಿದ್ದನ್ನೆಲ್ಲ ಅಲ್ಲಿ ಸುರಿದಿದ್ದೆ. ಆದರೆ ಮ್ಯಾಚ್ ಎಂದರೆ ಮೂರರಲ್ಲಿ ಎರಡು ಗೆಲ್ಲಬೇಕು, ಮೊದಲ ಆಟ ಬಿಟ್ಟು ಉಳಿದದ್ದೆಲ್ಲ ಸೈಡ್‌ಬೋರ್ಡ್ ಸೇರಿದ ಡೆಕ್‌ನಿಂದಲೇ. ಅಂದರೆ ಅರ್ಧಕ್ಕಿಂತ ಕಡಿಮೆ ಆಟವೇನಲ್ಲ! ನೀಲಿ ಡೆಕ್ ಎದುರಾದರೆ ಪೈರೋಬ್ಲಾಸ್ಟ್, ಆರ್ಟಿಫ್ಯಾಕ್ಟ್ (ಯಂತ್ರ, ಆಯುಧದಂಥ ವಸ್ತುಗಳ ಕಾರ್ಡ್) ಡೆಕ್ ಎದುರಾದರೆ ಸ್ಮ್ಯಾಶ್ ಟು ಸ್ಮಿದರೀನ್ಸ್. ಎರಡನೆಯದು ಆರ್ಟಿಫ್ಯಾಕ್ಟನ್ನು ಒಡೆಯುವುದರ ಜೊತೆಗೆ 3 ಡ್ಯಾಮೇಜನ್ನೂ ಕೊಡುತ್ತದೆ, ಹಾಗಾಗಿ ನನ್ನ ಭಾಗಾಕಾರ ಕೆಡುವುದಿಲ್ಲ. ಯಾವುದು ಒಳಗೆ ಬಂದರೆ ಯಾವುದು ಹೊರಗೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ಆಟಗಳ ನಡುವೆ ಅಂಥ ಚೀಟಿ ನೋಡಬಹುದು, ಆಡುವಾಗ ನೋಡುವಂತಿಲ್ಲ.

ಎದುರಿನವರ ಹತ್ತಿರವೂ ಸೈಡ್‌ಬೋರ್ಡ್ ಇರುತ್ತದೆ ಎನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ. ಹಸಿರು ಡೆಕ್‌ನ ಒಬ್ಬರ ಮೇಲೆ ಒಂದೇ ಟರ್ನ್‌ನಲ್ಲಿ ನಾಲ್ಕು ಮಂತ್ರ ಹಾಕಿದೆ. ನಾಲ್ಕನೆಯದಕ್ಕೆ ಉತ್ತರವಾಗಿ ಅವರು ವೆದರ್ ದ ಸ್ಟಾರ್ಮ್ ಇಟ್ಟರು. ಅದು ಕೊಡುವುದು ಮೂರೇ ಲೈಫ್. ಆದರೆ ಆ ಟರ್ನ್‌ನಲ್ಲಿ ಅದಕ್ಕಿಂತ ಮೊದಲು ಬಿದ್ದ ಪ್ರತಿ ಮಂತ್ರಕ್ಕೂ ಒಂದು ನಕಲು ಹುಟ್ಟುತ್ತದೆ, ನನ್ನ ಮಂತ್ರಗಳೂ ಲೆಕ್ಕಕ್ಕೆ ಸೇರುತ್ತವೆ. ನಾಲ್ಕು ನಕಲು, ಒಂದು ಅಸಲು: 15 ಲೈಫ್. ನನ್ನ ಐದು ಬೋಲ್ಟ್ ನೀರುಪಾಲು. ಆ ಕಾರ್ಡನ್ನು ತಂದುಕೊಟ್ಟದ್ದು ಅವರಾದರೂ ಉಬ್ಬಿಸಿದ್ದು ನಾನೇ. ಈಗ ಹಸಿರು ಕಂಡರೆ ನನ್ನ ಟರ್ನ್‌ನಲ್ಲಿ ಒಂದು, ಅವರ ಟರ್ನ್‌ನಲ್ಲಿ ಒಂದು ಬೋಲ್ಟ್, ಹೀಗೆ ಚದುರಿಸಿ ಹಾಕುತ್ತೇನೆ.

ಕಳೆದ ಪಂದ್ಯಾವಳಿಯಲ್ಲಿ ಐದರಲ್ಲಿ ಮೂರು ಗೆದ್ದೆ. ಸೋತ ಎರಡರಲ್ಲೂ ಕೈಯಲ್ಲಿ ಉಳಿದದ್ದು ಸೀರಿಂಗ್ ಬ್ಲೇಜ್. ಎದುರಾಳಿಯ ಬಳಿ ಜೀವಿ ಇದ್ದರಷ್ಟೇ ಅದನ್ನು ಹಾಕಬಹುದು, ಆ ಟರ್ನ್‌ನಲ್ಲಿ ನಾನು ಲ್ಯಾಂಡ್ ಇಟ್ಟಿದ್ದರಷ್ಟೇ ಪೂರ್ತಿ ಮೂರು. ಆಗ ನಾಲ್ಕಿದ್ದವು. ಈಗ ಎರಡನ್ನು ಸೈಡ್‌ಬೋರ್ಡಿಗೆ ಸರಿಸಿ, ಆ ಜಾಗಕ್ಕೆ ಕಾಗದದ ಚೂರಿನಲ್ಲಿ ನೀಡಲ್ ಡ್ರಾಪ್ ಎಂದು ಬರೆದು ತೂರಿಸಿದ್ದೇನೆ. ಇಲ್ಲಿಯವರೆಗೆ ಆರು ಆಟ ಆಗಿದೆ, ಇಪ್ಪತ್ತಾದರೂ ಆಗಬೇಕು.